ಕೈ ಎತ್ತಿದರೆ ಬಸ್ಸು ನಿಲ್ಲುವ ಊರಿನವಳು

ಕೌಂಟರಿನ ಹುಡುಗಿ ನನ್ನ ಮುಖ ನೋಡಲಿಲ್ಲ, ಹೊಟ್ಟೆ ನೋಡಿದಳು. ಇಷ್ಟು ತಿಂಗಳು ತುಂಬಿದವರನ್ನು ಹತ್ತಿಸುವುದಿಲ್ಲ ಎಂದಳು. ಕೋಲ್ಕತ್ತಾದ ವಿಮಾನ ನಿಲ್ದಾಣದಿಂದ ಸೂಟ್‌ಕೇಸ್ ಎಳೆದುಕೊಂಡು ಮನೆಗೆ ಮರಳಿದೆ.

ಮುಳಬಾಗಿಲಿನವರಿಗೆ ನನ್ನ ಪೆದ್ದುತನ ಅರ್ಥವಾಗುತ್ತದೆ. ನಮ್ಮ ಬೈಪಾಸಿನಲ್ಲಿ ಕೈ ಎತ್ತಿದರೆ ತಿರುಪತಿಯದೋ ಚಿತ್ತೂರಿನದೋ ಯಾವುದೋ ಬಸ್ಸು ನಿಲ್ಲುತ್ತದೆ. ಸೀಟಿಲ್ಲದಿದ್ದರೆ ಕೋಲಾರದ ತನಕ ನಿಂತರಾಯಿತು. ನಾನು ಮುಂಚಿತವಾಗಿ ಟಿಕೆಟ್ ತೆಗೆದವಳೇ ಅಲ್ಲ. ಮೊದಲ ಹೆರಿಗೆ ತವರಿನಲ್ಲಿ ಎಂಬುದು ಮದುವೆಯಲ್ಲೇ ಆದ ಮಾತು. ಹೊತ್ತು ಬಂದಾಗ ಎದ್ದು ಹೋದರಾಯಿತು ಅಂದುಕೊಂಡಿದ್ದೆ. ವಿಮಾನಕ್ಕೂ ಹಾಗೇ ಎದ್ದು ಹೋದೆ.

ರೈಲಿನಲ್ಲಿ ಮಲಗುವ ಜಾಗ ಎಂದೋ ತುಂಬಿತ್ತು. ಸಿಕ್ಕಿದ್ದರೂ ಅಷ್ಟು ದೂರದ ಕುಲುಕಾಟಕ್ಕೆ ಡಾಕ್ಟರಮ್ಮ ಬಿಡುತ್ತಿರಲಿಲ್ಲ. ಬಸ್ಸೆಂದರೆ ಊರಿಂದೂರಿಗೆ ಬದಲಿಸುತ್ತಾ ಹೋಗಬೇಕು. ನನ್ನ ಗಂಡ ಸಲೀಂ ಇಲ್ಲಿನ ಮಾರುಕಟ್ಟೆಯಲ್ಲಿ ಕೋಲಾರದ ಟೊಮೇಟೊ ಇಳಿಸಿಕೊಳ್ಳುವವರು. ಕ್ರೇಟುಗಳು ನಮ್ಮ ಕಡೆಯ ಕೆಂಪು ಮಣ್ಣು ಮೆತ್ತಿಕೊಂಡೇ ಲಾರಿಯಲ್ಲಿ ಬರುತ್ತವೆ. ಅವು ಬರಬಹುದು, ನಾನು ಹೋಗುವಂತಿಲ್ಲ. ಆ ಕ್ರೇಟುಗಳ ಮೇಲೆ ನನಗೆ ನಿಜಕ್ಕೂ ಸಿಟ್ಟು ಬಂತು.

ನಮ್ಮಮ್ಮಿಗೆ ಫೋನು ಮಾಡಿದೆ. ಮನೆಯಲ್ಲಿ ನಾವು ಆಡುವುದು ದಖನಿ ಉರ್ದು. ಅಮ್ಮಿ ನಮ್ಮ ಜೊತೆ ಕನ್ನಡ ಮಾತಾಡಿದರೆ ಸಿಟ್ಟು ಬಂದಿದೆ ಎಂದೇ ಅರ್ಥ.

"ರೋಡ್‌ಗೆ ಬಂದು ನಿಂತ್ಕೊಳ್ಳೇ, ಯಾವ್ದಾದ್ರೂ ಸಿಗುತ್ತೆ," ಎಂದರು, ಕನ್ನಡದಲ್ಲಿ.

"ಇದು ಬೈಪಾಸ್ ಅಲ್ಲ ಅಮ್ಮೀ."

"ಆಯ್ತು, ನಾನೇ ಬರ್ತೀನಿ ಕಣೇ."

ಕೋಲಾರದಾಚೆ ಒಬ್ಬರೇ ಹೋಗದ ಅಮ್ಮಿ ವೇಮಗಲ್, ವಿಜಯಪುರದ ಮೇಲೆ ದೇವನಹಳ್ಳಿ ಸೇರಿ, ರಾಗಿಹಿಟ್ಟಿನ ಗಂಟಿನೊಂದಿಗೆ ವಿಮಾನ ಹತ್ತಿ ಬಂದರು. ಮೂರನೇ ಮಹಡಿಯ ನಮ್ಮ ಒಂದೇ ಕೋಣೆಯ ಕಿಟಕಿ ತೆರೆದರು. ಎದುರಿಗಿರುವುದು ಪಕ್ಕದ ಮನೆಯ ಗೋಡೆ. ಇಲ್ಲಿಂದ ರಸ್ತೆ ಕಾಣುವುದಿಲ್ಲವೇ ಎಂದು ಕೇಳಿದರು. ಇಲ್ಲ ಎಂದೆ. ಅಂದಿನಿಂದ ಆ ಕೋಣೆಯಲ್ಲಿ ಇಬ್ಬರು ಸಿಕ್ಕಿಬಿದ್ದೆವು.

ಹೆಣ್ಣು ಮಗು ಹುಟ್ಟಿತು. ಕೆಳಮನೆಯ ಯಜಮಾನಿ ದಿನವೂ ಬಂದು ನೋಡಿ, ಹೊರಡುವಾಗ "ಆಶಿ" ಎನ್ನುತ್ತಿದ್ದರು. ಬಂಗಾಳಿಯಲ್ಲಿ 'ಬರ್ತೀನಿ' ಎಂದು. ನಮ್ಮಂತೆ ಅವರೂ 'ಹೋಗ್ತೀನಿ' ಎನ್ನುವುದಿಲ್ಲ. ಆ ಒಂದು ಮಾತಿಗೆ ಅಮ್ಮಿಗೆ ಆಕೆ ಹಿಡಿಸಿದರು, ನನಗೆ ಈ ಊರೂ ಸ್ವಲ್ಪ ಹಿಡಿಸಿತು.

ಅಮ್ಮಿ ಮರಳಿದ ಮೇಲೆ, ನಾನೂ ಮಗುವೂ ಊರಿಗೆ ಹೋಗಲು ಜೀವನದಲ್ಲೇ ಮೊದಲ ಸಲ ಮುಂಚಿತವಾಗಿ ಟಿಕೆಟ್ ತೆಗೆಯಲು ಕುಳಿತೆ. ಹೋಗುವುದು ಮಾತ್ರವೇ, ಮರಳುವುದೂ ಸೇರಿಯೇ ಎಂದು ಫೋನು ಕೇಳಿತು. ಬೈಪಾಸಿನ ಯಾವ ಕಂಡಕ್ಟರೂ ನನಗದನ್ನು ಕೇಳಿರಲಿಲ್ಲ. ಮಡಿಲಲ್ಲಿ ಮಗು ಮಲಗಿತ್ತು. ಅವಳು ಹುಟ್ಟಿದ ಊರು ಇದು. ಎರಡಕ್ಕೂ ತೆಗೆದೆ.

ಖುಷಿಯಿಂದ ಅಮ್ಮಿಗೆ ಹೇಳಿದೆ.

"ಬರೋಕ್ ಮುಂಚೇನೇ ಹೋಗೋಕೂ ಟಿಕೆಟ್ ತೆಗ್ದಿದೀಯಾ?"

ಕನ್ನಡದಲ್ಲಿ ಕೇಳಿದರು.