ಕಸ್ತೂರಮ್ಮ ಹಾಕದ ಮುಡಿಯೂಟ

ಹೊನ್ನಾಳಿಯ ಕಸ್ತೂರಮ್ಮನ ತಲೆಗೂದಲು ೧೯೮೪ರ ಯುಗಾದಿ ಕಳೆದ ವಾರದಲ್ಲೇ ಉದುರಿತು. ಎದೆಗಂಟಿನ ಆಪರೇಷನ್ ಆದಮೇಲೆ ಬೆಂಗಳೂರಿನ ಆಸ್ಪತ್ರೆಯವರು ಮೂರು ವಾರಕ್ಕೊಂದರಂತೆ ಆರು ಇಂಜೆಕ್ಷನ್ ಬರೆದುಕೊಟ್ಟಿದ್ದರು. ಕೂದಲು ಹೋಗುತ್ತದೆ ಎಂದು ನರ್ಸಮ್ಮ ಮೊದಲೇ ಹೇಳಿದ್ದಳು. ಬೆಳಿಗ್ಗೆ ಎದ್ದರೆ ತಲೆ ಮಾತ್ರ ಮೇಲೆ ಬರುತ್ತದೆ, ಜಡೆ ದಿಂಬಿನ ಮೇಲೇ ಉಳಿಯುತ್ತದೆ ಎಂದು ಹೇಳಿರಲಿಲ್ಲ.

ಕಸ್ತೂರಮ್ಮನದು ಶಾವಿಗೆ ಮಿಷನ್ನು. ಬೀದಿಯ ಹೆಂಗಸರು ಹಿಟ್ಟು ಕಲಸಿ ತಂದರೆ ಒತ್ತಿಕೊಡುತ್ತಿದ್ದಳು. "ಇನ್ಮೇಲೆ ಶಾವಿಗ್ಯಾಗೆ ಕೂದ್ಲು ಸಿಕ್ರೆ ಅದು ನಿಮ್ದೇ ಕಣ್ರವ್ವ," ಎಂದು ಕನ್ನಡಿಯ ಮುಂದೆ ಅಭ್ಯಾಸವನ್ನೂ ಮಾಡಿದಳು. ಆದರೆ ಹೊರಗೆ ಹೇಳುವಂತಿರಲಿಲ್ಲ. ಮಗಳು ಶಿವಗಂಗಾಳನ್ನು ಜಗಳೂರಿನವರು ನೋಡಿ ಒಪ್ಪಿದ್ದರು; ಹೂ ಮುಡಿಸುವ ಶಾಸ್ತ್ರವೊಂದು ಬಾಕಿ. ತಾಯಿಗೆ ಕ್ಯಾನ್ಸರ್ ಎಂದು ತಿಳಿದರೆ, ನಾಳೆ ಮಗಳಿಗೂ ಬರುತ್ತದೆಂದು ಸಂಬಂಧ ಮುರಿದಾರು ಎಂಬ ಹೆದರಿಕೆ.

"ಅಕ್ಕಾ ಮುಡಿ ಕೊಟ್ರೇನು?" ಎಂದು ಪಕ್ಕದ ಮನೆಯ ಅಖ್ತರ್‌ಬೀ ಕೇಳಿದಾಗ ಗಂಡ ಮುರುಗೇಶಪ್ಪ ಬಾಗಿಲಲ್ಲೇ ಇದ್ದ. ತಾನಾಗಿ ಸುಳ್ಳು ಹೇಳುವ ಜಾಣತನ ಅವನಿಗಿರಲಿಲ್ಲ. ಯಾರಾದರೂ ಕೈಗಿತ್ತರೆ ಬಿಡುತ್ತಲೂ ಇರಲಿಲ್ಲ. "ಹೂಂ. ಮನೆದೇವ್ರಿಗೆ," ಎಂದ. ಹೀಗೆ, ಯಾರೂ ಹೊರದೆ ಇದ್ದ ಹರಕೆಯೊಂದು ತೀರಿತು.

ಆದರೆ ಮುಡಿ ಕೊಟ್ಟವರು ನೆಂಟರನ್ನು ಕರೆದು ಹೋಳಿಗೆ ಊಟ ಹಾಕಬೇಕು. ಕರೆಯದಿದ್ದರೆ ಅವರನ್ನು ನೆಂಟಸ್ತನದಿಂದ ತೆಗೆದುಹಾಕಿದಂತೆ. ಸುದ್ದಿ ಬಸ್ಸು ಬದಲಿಸುತ್ತ ಬದಲಿಸುತ್ತ ಜಗಳೂರು ಮುಟ್ಟಿತು. ಕಾರಹುಣ್ಣಿಮೆಯ ಹೊತ್ತಿಗೆ ಅಲ್ಲಿಂದ ಕಾಗದ ಬಂತು: "ಮುಡಿಯೂಟಕ್ಕೆ ನಮ್ಮನ್ನು ಕರೆಯಲಿಲ್ಲ. ನಮ್ಮನ್ನು ಬೀಗರೆಂದು ಎಣಿಸಿಲ್ಲವೆಂದು ತಿಳಿಯಿತು. ಸೋಮವಾರ ಬಂದು ಮಾತು ಮುಗಿಸುತ್ತೇವೆ."

ಸೋಮವಾರ ಹುಡುಗನ ತಾಯಿ ಅಜ್ಜಮ್ಮ ಒಬ್ಬಳೇ ಬಂದಳು. ತನ್ನ ಊರಿನ ಹೆಸರಿಗೆ ಅನ್ಯಾಯ ಮಾಡುವ ಹೆಂಗಸಲ್ಲ ಆಕೆ.

"ನೀರು ಬ್ಯಾಡ ಬಿಡ್ರಿ. ಊಟಕ್ಕೆ ಬ್ಯಾಡಾದೋರಿಗೆ ನೀರ್ಯಾಕೆ?"

"ಹಂಗನ್ನಬ್ಯಾಡ್ರಿ ಅಮ್ಮಾರೆ," ಮುರುಗೇಶಪ್ಪ ಕೈಮುಗಿದ. "ಶ್ರಾವಣದಾಗೆ ಇನ್ನೊಂದ್ಸಲ ಮುಡಿ ಕೊಡಿಸ್ತೀನಿ. ಮೊದ್ಲು ನಿಮ್ಮನ್ನೇ ಕರಿತೀನಿ."

ಕಸ್ತೂರಮ್ಮ ಗಂಡನನ್ನು ನೋಡಿದಳು. "ಏನ್ ಕೊಡ್ಲಿ? ನಿಮ್ಮ ಮೀಸೆನಾ?"

ಅಜ್ಜಮ್ಮ ಹತ್ತಿರ ಸರಿದು ಮುಖ ದಿಟ್ಟಿಸಿದಳು. ಕಾಡಿಗೆಯಲ್ಲಿ ತೀಡಿದ್ದ ಹುಬ್ಬುಗಳಲ್ಲಿ ಒಂದು ಬೆವರಿಗೆ ಕರಗಿ ಕೆನ್ನೆಯ ಕಡೆ ಹೊರಟಿತ್ತು.

"ಹುಬ್ಬೂ ಇಸ್ಕಂಡನೇನ್ರೀ ನಿಮ್ಮ ದೇವ್ರು?"

"ದೇವ್ರಲ್ರೀ. ಕ್ಯಾನ್ಸರು," ಎಂದಳು ಕಸ್ತೂರಮ್ಮ. "ನಾಕು ಇಂಜೆಕ್ಷನ್ ಆಗೇವೆ, ಇನ್ನೆರಡು ಅದಾವೆ. ಸಂಬಂಧ ತಪ್ಪಿ ಹೋಗ್ತೈತೆ ಅಂತ ಸುಳ್ಳು ಹೇಳಿದ್ವಿ. ಬ್ಯಾಡ ಅನ್ನಂಗಿದ್ರೆ ಇಲ್ಲೇ ಹೇಳಿಬಿಡ್ರಿ. ಕಾಗದ ಬರೀಬ್ಯಾಡ್ರಿ."

ಅಜ್ಜಮ್ಮ ಕೈಯಲ್ಲಿದ್ದ ಚೀಲವನ್ನು ಕೆಳಗಿಟ್ಟಳು.

"ಹಂಗಾರೆ ಊಟ ಹಾಕಿಲ್ಲ?"

"ಯಾರಿಗೂ ಹಾಕಿಲ್ರೀ."

"ನಿಮ್ಮ ಚನ್ನಗಿರಿ ತಂಗಿ ಮನೇರಿಗೂ?"

"ಅವ್ರಿಗೂ ಇಲ್ಲ."

ಅಜ್ಜಮ್ಮ ಚೊಂಬೆತ್ತಿ ಗಟಗಟ ನೀರು ಕುಡಿದಳು. "ಅದನ್ನ ಮೊದ್ಲೇ ಹೇಳಬಾರ್ದೇನ್ರೀ! ತಿಂಗಳಿಂದ ನಂಗೆ ಉಂಡಿದ್ದು ಮೈಗೆ ಹತ್ತಿಲ್ಲ." ಬಾಯಿ ಒರೆಸಿಕೊಂಡು ಸೇರಿಸಿದಳು: "ಲಗ್ನ ಮಾತ್ರ ಈಗ ಬ್ಯಾಡ."

"ಬಿಡ್ರಿ, ಗೊತ್ತಾತು," ಎಂದು ಕಸ್ತೂರಮ್ಮ ನೆಲ ನೋಡಿದಳು.

"ಏನ್ ಗೊತ್ತಾತು? ಇಂಜೆಕ್ಷನ್ ಮುಗಿಸ್ಕಂಡು ಗಟ್ಟಿಯಾಗ್ರಿ. ಉಪಚಾರ ಸರಿ ಇಲ್ಲ ಅಂತ ಮದುವ್ಯಾಗೆ ನಾನು ಮುನಿಸ್ಕಂತೀನಿ. ರಮಿಸಾಕೆ ನೀವಿರಬೇಕಲ್ಲ? ಮಲಗಿದೋರ ಮುಂದೆ ಮುನಿಸ್ಕಂಡು ಏನ್ ಸುಖ?"

ಮಾತು ಮುರಿಯಲು ಬಂದವಳ ಚೀಲದಲ್ಲಿ ಮಲ್ಲಿಗೆಯೂ ಇತ್ತು. ಯಾವುದಕ್ಕೂ ಇರಲಿ ಎಂದು ದಾವಣಗೆರೆಯಲ್ಲಿ ಬಸ್ಸಿಳಿದಾಗ ಕೊಂಡಿದ್ದಳಂತೆ. ಶಿವಗಂಗಾಳನ್ನು ಕರೆದು ಕೂರಿಸಿ ಹೂ ಮುಡಿಸಿದಳು. ಒಂದು ತುಂಡು ಮಿಕ್ಕಿತು. ಅದನ್ನು ಹಿಡಿದು ಕಸ್ತೂರಮ್ಮನ ಸೆರಗು ಸರಿಸಿ, ತಲೆಯ ಸುತ್ತ ಕೈಯಾಡಿಸಿ ಜಾಗ ಹುಡುಕಿದಳು.

"ಕಿವಿ ಉದುರಿಲ್ವಲ್ಲ, ಸಾಕು," ಎಂದು ಎಡಗಿವಿಗೆ ಸಿಕ್ಕಿಸಿದಳು.

ಸೆರಗು ಹೊದ್ದರೆ ಹೂ ಬೀಳುತ್ತದೆಂದು ಕಸ್ತೂರಮ್ಮ ಬರಿದಲೆಯಲ್ಲೇ ಬಸ್‌ಸ್ಟ್ಯಾಂಡಿಗೆ ನಡೆದಳು. ಬೀಗಿತ್ತಿಯನ್ನು ಸಂಜೆಯ ಬಸ್ಸಿಗೆ ಹತ್ತಿಸಿ ಮನೆಗೆ ಬರುವವರೆಗೂ ಕತ್ತು ಅಲ್ಲಾಡಿಸಲಿಲ್ಲ.