ಅಚ್ಚಾದ ಮೇಲೇ ಸುದ್ದಿ

ನರೇಗಲ್ಲಿನ ಬಸ್ ನಿಲ್ದಾಣದ ಬಳಿ ಯಮನೂರಸಾಬ ಪೇಪರ್ ಮಾರಲು ಶುರು ಮಾಡಿ ಮೂವತ್ತೊಂದು ವರ್ಷವಾಯಿತು. ಬೆಳಗಿನ ಮೊದಲ ಬಸ್ಸಿನಿಂದ ಕಟ್ಟು ಇಳಿಸಿಕೊಂಡು, ಸೈಕಲ್ಲಿನ ಮೇಲೆ ಮನೆಮನೆಗೆ ಹಾಕಿ ಬಂದು, ಉಳಿದ ಪ್ರತಿಗಳನ್ನು ಮುತ್ತಣ್ಣನ ಚಹಾದಂಗಡಿಯ ಮುಂದಿನ ಬಾಕಿನ ಮೇಲೆ ಹರವಿಕೊಂಡು ಕೂತರೆ ಅವನ ದರ್ಬಾರು ಶುರು. ಪುಕ್ಕಟೆ ಓದುವವರನ್ನು ಬೈಯುತ್ತಿದ್ದ, ಬೈಯುತ್ತಲೇ ಓದಲು ಬಿಡುತ್ತಿದ್ದ. ಅವನ ಪಾಲಿಗೆ ಅಚ್ಚಾದದ್ದು ಸುದ್ದಿ, ಮಿಕ್ಕಿದ್ದೆಲ್ಲ ಗಾಳಿಮಾತು.

ಅವನನ್ನು ಅವನಿಗಿಂತಲೂ ಹೆಚ್ಚು ನಂಬಿದವನು ಬೆಳವಣಕಿಯ ಕನಕಪ್ಪ. ಇಬ್ಬರೂ ಒಂದೇ ಓರಗೆಯವರು. ಕನಕಪ್ಪ ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಆದರೂ ಒಮ್ಮೆ ಗ್ರಾಮ ಪಂಚಾಯ್ತಿಗೆ ಗೆದ್ದು ಬಂದಿದ್ದ. ಸಂತೆಯ ದಿನ ನರೇಗಲ್ಲಿಗೆ ಬಂದನೆಂದರೆ ಅವನ ಚೀಲ ಬಾಕಿನ ಕೆಳಗೆ, ಅವನು ಬಾಕಿನ ಮೇಲೆ. "ಓದೋ ಯಮನೂರಾ," ಎನ್ನುತ್ತಿದ್ದ. ಮೊದಲ ಪುಟದಿಂದ ಕಡೆಯ ಪುಟದವರೆಗೆ ಓದಿಸಿಕೊಂಡು, "ನೀ ಓದಿದಿ ಅಂದ್ರ ಖರೇ," ಎಂದು ಎದ್ದು ಹೋಗುತ್ತಿದ್ದ. ಆ ಒಂದು ಮಾತಿಗೆ ಯಮನೂರಸಾಬನ ವಾರದ ದಣಿವೆಲ್ಲ ಇಳಿಯುತ್ತಿತ್ತು.

ಈಗ ಎಲ್ಲರ ಕೈಯಲ್ಲೂ ಮೊಬೈಲ್. ಪೇಪರ್ ಹಾಕಿಸಿಕೊಳ್ಳುವ ಮನೆಗಳು ಅರ್ಧಕ್ಕರ್ಧ ಇಳಿದವು. ಮುತ್ತಣ್ಣನೂ 'ಥಟ್ಟಂತ ಸುದ್ದಿ' ಎಂಬ ವಾಟ್ಸಾಪ್ ಗ್ರೂಪು ಸೇರಿ, ಚಹಾ ಸೋಸುವ ಕೈಯಲ್ಲೇ ಮೊಬೈಲ್ ತಿಕ್ಕತೊಡಗಿದ. ಸಾವಿನ ಸುದ್ದಿ ಹೇಳಲು ಊರೂರಿಗೆ ಆಳು ಕಳಿಸುವ ಕಾಲವೂ ಹೋಯಿತು; ಗ್ರೂಪಿಗೆ ಹಾಕಿದರೆ ಎಲ್ಲರಿಗೂ ಮುಟ್ಟಿತೆಂದೇ ಲೆಕ್ಕ.

ಶ್ರಾವಣದಲ್ಲಿ ಒಂದು ದಿನ ಆ ಗ್ರೂಪಿನಲ್ಲಿ ಅಬ್ಬಿಗೇರಿಯ ರಾಯಣ್ಣ ತೀರಿಕೊಂಡನೆಂದು ಫೋಟೊ ಸಮೇತ ಬಂತು, ಮೇಲೆ ಕೆಂಪಕ್ಷರದಲ್ಲಿ 'ಬ್ರೇಕಿಂಗ್' ಎಂದು ಬೇರೆ. ರಾಯಣ್ಣ ಯಮನೂರಸಾಬನ ಹಳೆಯ ಗಿರಾಕಿ. ನಮ್ಮ ಕಡೆ ಮದುವೆ ತಪ್ಪಿಸಿದರೆ ಮಾಫಿ ಉಂಟು, ಸತ್ತವರ ಮಣ್ಣು ತಪ್ಪಿಸಿದರೆ ಇಲ್ಲ. ಯಮನೂರಸಾಬ ಹೂವಿನ ಹಾರ ಹಿಡಿದು ಓಡಿದ. ಹೋಗಿ ನೋಡಿದರೆ ರಾಯಣ್ಣ ಕಟ್ಟೆಯ ಮೇಲೆ ಕೂತು ರೊಟ್ಟಿ ಮುರಿಯುತ್ತಿದ್ದಾನೆ! "ಯಾರಿಗೋ ಈ ಹಾರ?" ಎಂದು ಅವನೇ ಕೇಳಿದ. ಸತ್ತವನು ಅದೇ ಹೆಸರಿನ ಬೇರೆ ಊರಿನವನು; ಯಾರೋ ಪುಣ್ಯಾತ್ಮರು ಇವನ ಫೋಟೊ ಅಂಟಿಸಿದ್ದರು. ವಾರಗಟ್ಟಲೆ ಮಂದಿ ನಕ್ಕರು. "ಇನ್ನ ಮ್ಯಾಲ ಯಾರ ಸತ್ರೂ ನನಗ ಪೇಪರಿನ್ಯಾಗ ತೋರಸ್ರಿ," ಎಂದು ಯಮನೂರಸಾಬ ಆಣೆ ಹಾಕಿದ.

ಆ ಮಾತು ಆಡಿ ಎರಡು ತಿಂಗಳಾಗಿರಲಿಲ್ಲ. ಒಂದು ಮಧ್ಯಾಹ್ನ ಮುತ್ತಣ್ಣ ಒಲೆ ಬಿಟ್ಟು ಓಡಿ ಬಂದ.

"ಕಾಕಾ, ಬೆಳವಣಕಿ ಕನಕಪ್ಪ ಹೋದ್ನಂತ್ರಿ. ಎದಿನೋವು ಬಂತಂತ. ಸಂಜಿಗೆ ಮಣ್ಣ ಅಂತ ಹಾಕ್ಯಾರ ನೋಡ್ರಿ."

"ಯಾವದ್ರಾಗ ಹಾಕ್ಯಾರ?"

"ಗ್ರೂಪಿನ್ಯಾಗ್ರಿ."

"ಅದ ಗ್ರೂಪು ರಾಯಣ್ಣನ್ನೂ ಕೊಂದಿತ್ತಲ್ಲೋ," ಎಂದ ಯಮನೂರಸಾಬ.

ಅಂದನೇನೋ ಹೌದು, ಆದರೂ ತನ್ನ ಗುಂಡಿ ಒತ್ತುವ ಹಳೆಯ ಫೋನಿನಿಂದ ಕನಕಪ್ಪನ ನಂಬರಿಗೇ ಹಚ್ಚಿದ. ರಿಂಗಾಯಿತು, ಯಾರೂ ಎತ್ತಲಿಲ್ಲ. ಮತ್ತೆ ಹಚ್ಚಿದ. "ಹೊಲದಾಗ ಇದ್ದಾಗ ಅಂವ ಯಾವತ್ತ ಎತ್ಯಾನ?" ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಆ ಮನೆಯ ಬೇರೆ ಯಾರ ನಂಬರೂ ಅವನ ಬಳಿ ಇರಲಿಲ್ಲ.

"ಹೋಗಿ ಬಂದ್ರ ಏನ ಗಂಟ ಹೋಗತೈತ್ರಿ ಕಾಕಾ?" ಎಂದು ಮುತ್ತಣ್ಣ ಅಂಗಲಾಚಿದ. ಬೆಳವಣಕಿಯ ಕಡೆ ಹೋಗುವ ಬಸ್ಸು ಕಣ್ಣ ಮುಂದೆಯೇ ಬಂತು, ನಿಂತಿತು, ಹೋಯಿತು. ಯಮನೂರಸಾಬ ಏಳಲಿಲ್ಲ. ಮತ್ತೆ ನಗೆಪಾಟಲಾಗುವ ಭಯವೊಂದೇ ಅಲ್ಲ. ತಾನು ಹೋಗದಿರುವಷ್ಟು ಹೊತ್ತು ಕನಕಪ್ಪ ಬದುಕಿರುತ್ತಾನೆ ಎಂದು ಆ ಮುದಿ ಜೀವ ಹಟ ಹಿಡಿದಿತ್ತು. ಪಾಪ, ಏನೆಂದು ಬೈಯುವುದು ಇಂಥವನಿಗೆ?

ಮರುದಿನ ಬೆಳಿಗ್ಗೆ ಕಟ್ಟು ಬಂತು. ದಾರ ಬಿಚ್ಚಿದವನೇ ಮೊದಲ ಪುಟ ನೋಡದೆ ನೇರ ಜಿಲ್ಲೆಯ ಪುಟ ತೆರೆದ. ನಿಧನ ವಾರ್ತೆಯಲ್ಲಿ ರುಮಾಲು ಸುತ್ತಿದ ಕನಕಪ್ಪ. ಗ್ರಾಮ ಪಂಚಾಯ್ತಿಯ ಮಾಜಿ ಸದಸ್ಯರು, ಅರವತ್ತೆಂಟು ವರ್ಷ, ಅಂತ್ಯಕ್ರಿಯೆ ಬುಧವಾರ ಸಂಜೆ ನೆರವೇರಿತು. 'ನೆರವೇರಿತು' ಎಂಬುದನ್ನು ಅವನು ಎರಡು ಸಲ ಓದಿದ. ಅಂದು ಯಾರ ಮನೆಗೂ ಪೇಪರ್ ಹೋಗಲಿಲ್ಲ. ಮೂವತ್ತೊಂದು ವರ್ಷದಲ್ಲಿ ಅದೇ ಮೊದಲು.

ಬೆಳವಣಕಿಯಲ್ಲಿ ಕನಕಪ್ಪನ ಹೆಂಡತಿ ಸುಶೀಲವ್ವ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದಳು. ಇವನನ್ನು ಕಂಡವಳೇ ಗೊಳೋ ಎಂದು ಅತ್ತಳು. ಇವನೂ ಅತ್ತ. ಅಳು ಸ್ವಲ್ಪ ತಗ್ಗಿದ ಮೇಲೆ ಅವಳು ಹೇಳಿದಳು:

"ಮಂದಿ ಲಗೂ ಮಣ್ಣ ಮಾಡೂನು ಅಂದ್ರು, ಯಣ್ಣಾ. ನಾ ತಡೀರಿ ಅಂದೆ. ಯಮನೂರಣ್ಣ ಊರಿಗೆಲ್ಲಾ ಸುದ್ದಿ ಮುಟ್ಟಸಾಂವ, ಅವಗ ಗೊತ್ತಾಗದ ಇರತೈತೇನು, ಬಂದ ಬರ್ತಾನ ಅಂದೆ. ಹೊತ್ತ ಮುಣಗೂತನಾ ಕಾದಿವಿ."

ಬಸ್ಸು ಸಿಗಲಿಲ್ಲ ಎನ್ನಬಹುದಿತ್ತು. ಸುದ್ದಿಯೇ ಮುಟ್ಟಲಿಲ್ಲ ಎಂದರೂ ಅವಳು ನಂಬುತ್ತಿದ್ದಳು. ಆ ಮನೆಯಲ್ಲಿ ಅವನ ಮಾತಿಗೆ ಅಷ್ಟು ಬೆಲೆಯಿತ್ತು. ಯಮನೂರಸಾಬ ನೆಲ ನೋಡುತ್ತ ಕೂತ.

"ಮಧ್ಯಾಹ್ನನ ಗೊತ್ತಾಗಿತ್ತ ತಂಗೀ. ನಾ ನಂಬಲಿಲ್ಲ."

ಸುಶೀಲವ್ವ ಸೆರಗಿನಿಂದ ಮುಖ ಒರೆಸಿಕೊಂಡಳು.

"ನಾ ಅವರ ತಲಿ ತೊಡಿ ಮ್ಯಾಲ ಇಟಗೊಂಡ ಕುಂತಿದ್ದೆ, ಯಣ್ಣಾ," ಎಂದಳು. "ನಂಬಾಕ ನನಗೂ ಇನ್ನಾ ಆಗವಲ್ದು."