ಓನ್‌ಸಿ ತೊಳೆದ ಹರವಿ

ಗೇಟಿನಿಂದ ಮ್ಯೂಸಿಯಂ ಬಾಗಿಲಿಗೆ ನೇರ ನಡೆದರೆ ಐವತ್ತು ಹೆಜ್ಜೆ. ಓನ್‌ಸಿ ಮಾತ್ರ ಹನ್ನೆರಡು ವರ್ಷದಿಂದ ಶಾಲಾ ಬಸ್ಸುಗಳು ನಿಲ್ಲುವ ಸಿಮೆಂಟಿನ ಅಂಗಳವನ್ನು ತುಳಿದವಳಲ್ಲ. ಬೇಲಿಗುಂಟ ಸುತ್ತು ಹಾಕಿಯೇ ಬರುತ್ತಾಳೆ. ಒಂದು ಕೈಯಲ್ಲಿ ಅಂಟಕ್ಕಿ ಅನ್ನದ ಬಿದಿರು ಬುಟ್ಟಿ, ಇನ್ನೊಂದರಲ್ಲಿ ಕೆಮ್ಮಣ್ಣಿನ ಬಣ್ಣದ ಡಬ್ಬಿ.

"ಓನ್‌ಸಿ ಅಕ್ಕ, ಮಂಡಿ ನೋವು ಅಂತ ನಿನ್ನೆ ತಾನೆ ಗೋಳಾಡ್ತಿದ್ದೆ. ಇವತ್ತು ಮೆರವಣಿಗೆ ಹೊರಟಿದೀಯಲ್ಲ," ಎಂದು ಗೇಟು ಕಾಯುವ ಬುನ್‌ಸೋಮ್ ಪ್ರತಿ ಶನಿವಾರ ಕೆಣಕುತ್ತಾನೆ.

"ನಿನ್ನ ಮುಖ ನೇರ ನೋಡೋದಕ್ಕಿಂತ ಸುತ್ತಿ ಬರೋದೇ ವಾಸಿ," ಎಂದು ಅವಳೂ ಬಿಡುವುದಿಲ್ಲ.

ಆ ಅಂಗಳವಿರುವ ಜಾಗದಲ್ಲಿ ಮೊದಲು ಕೆರೆಯಿತ್ತು. ಮ್ಯೂಸಿಯಂ ಕಟ್ಟುವಾಗ ಅದನ್ನು ಮುಚ್ಚಿದರು. ಇಷ್ಟು ಬುನ್‌ಸೋಮ್‌ನಿಗೂ ಗೊತ್ತು. ಅವಳು ಅದನ್ನು ಯಾಕೆ ತುಳಿಯುವುದಿಲ್ಲ ಅನ್ನುವುದು ಗೊತ್ತಿಲ್ಲ. ಮುದುಕಿಯರಿಗೆ ಒಂದೊಂದು ಹುಚ್ಚಿರುತ್ತದೆ ಎಂದುಕೊಂಡು ಸುಮ್ಮನಾಗಿದ್ದಾನೆ.

ಶನಿವಾರ ಮಕ್ಕಳ ದಿನ. ಉದೊನ್ ಕಡೆಯಿಂದ, ಖೊನ್‌ಕೇನ್ ಕಡೆಯಿಂದ ಬಸ್ಸುಗಳು ಬರುತ್ತವೆ. ಮಕ್ಕಳು ಮೊದಲು ಗಾಜಿನ ಪೆಟ್ಟಿಗೆಗಳ ಮುಂದೆ ತೂಕಡಿಸುತ್ತಾರೆ, ಆಮೇಲೆ ಹಿಂದಿನ ಜಗಲಿಗೆ ಬಂದು ಎಚ್ಚರಾಗುತ್ತಾರೆ. ಅಲ್ಲಿ ಓನ್‌ಸಿ ಕೂತಿರುತ್ತಾಳೆ, ಎಲೆ ಅಡಿಕೆ ಜಗಿಯುತ್ತ. ಎಲ್ಲರಿಗೂ ಒಂದೊಂದು ಬೋಳು ಮಡಿಕೆ. ಎರಡು ಸಾವಿರ ವರ್ಷದ ಹಿಂದಿನವರು ಬರೆದ ಸುರುಳಿಗಳನ್ನು ಅವಳು ಕುಂಚ ಎತ್ತದೆ ಒಂದೇ ಉಸಿರಿಗೆ ಎಳೆದು ತೋರಿಸುತ್ತಾಳೆ. ಮಕ್ಕಳ ಮಡಿಕೆಯ ಮೇಲೆ ಅದು ಎರೆಹುಳವಾಗಿ ತಿರುಚಿಕೊಳ್ಳುತ್ತದೆ. ಹೊರಡುವಾಗ ಪ್ರತಿ ಮಗುವಿನ ಮಣಿಕಟ್ಟಿಗೂ ಬಿಳಿ ನೂಲು ಕಟ್ಟಿ, "ಖ್ವನ್ ಬಾ, ಕೈಯಲ್ಲಿ ನಿಲ್ಲು, ಎಲ್ಲೂ ಹೋಗಬೇಡ," ಎಂದು ಹರಸುತ್ತಾಳೆ. ಮೈಯೊಳಗಿನ ಚೇತನವಾದ ಖ್ವನ್ ಹೆದರಿದರೆ ಮೈ ಬಿಟ್ಟು ಅಲೆಯುತ್ತದೆ, ಕರೆದು ನೂಲಿನಲ್ಲಿ ಕಟ್ಟಬೇಕು. ಇದು ನಮ್ಮ ನೋನ್‌ಸಾಯ್‌ನಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತಿರುವ ಮಾತು.

ಅವಳ ಕೈ ಅಷ್ಟು ಪಳಗಿದ್ದು ಹೇಗೆ ಎಂದು ಪೇಟೆಯವರು ಕೇಳಿದರೆ ಅವಳು ನಗುತ್ತಾಳೆ. ನಮ್ಮೂರವರು ಕೇಳುವುದಿಲ್ಲ. ಅವಳ ಪ್ರಾಯದ ದಿನಗಳಲ್ಲಿ ಊರಿಗೆ ಊರೇ ಹಳೇ ಮಡಿಕೆಗಳಿಗಾಗಿ ತನ್ನ ಮನೆಯ ಅಡಿಯನ್ನು ಅಗೆದದ್ದು ಎಲ್ಲರಿಗೂ ನೆನಪಿದೆ. ಮನೆಗಳು ಕಂಬದ ಮೇಲೆ, ಕೆಳಗೆ ಎಮ್ಮೆ ಕಟ್ಟುವ ಜಾಗ. ಎಮ್ಮೆಯನ್ನು ಆಚೆ ಕಟ್ಟಿ, ಬೇರೆಯವರ ಗಡಿ ದಾಟದೆ, ತನ್ನ ಮನೆಯ ನೆರಳಿನಷ್ಟೇ ಜಾಗವನ್ನು ಗಂಡಸರು ಅಗೆಯುತ್ತಿದ್ದರು. ತನ್ನ ಮನೆ ಕೆಳಗಿದ್ದದ್ದು ತನ್ನದೇ ಎಂಬುದು ನಮ್ಮ ನ್ಯಾಯ. ಆ ಮಡಿಕೆಗಳ ಜೊತೆ ಹೂತಿದ್ದ ಸತ್ತವರೂ ಹಾಗೆ ತಮ್ಮವರಾಗುತ್ತಾರೆಯೇ ಎಂದು ಯಾರೂ ಯೋಚಿಸಲಿಲ್ಲ. ಹೆಂಗಸರು ಮಡಿಕೆಗಳನ್ನು ಕೆರೆಗೆ ಒಯ್ದು ತೊಳೆಯುತ್ತಿದ್ದರು, ಯಾಕೆಂದರೆ ಕೊಳ್ಳಲು ಬರುವವರಿಗೆ ಬಣ್ಣ ಮಿಂಚಬೇಕು. ತೊಳೆಯುವುದರಲ್ಲಿ ಓನ್‌ಸಿಯನ್ನು ಮೀರಿಸಿದವರಿರಲಿಲ್ಲ. ತೆಂಗಿನ ನಾರಿನಿಂದ, ಬಣ್ಣ ಏಳದಂತೆ, ಒಳಗೂ ಹೊರಗೂ. ಸುರುಳಿಗಳ ದಾರಿ ಅವಳ ಬೆರಳಿಗೆ ಹತ್ತಿದ್ದು ಆ ಕೆರೆಯ ದಡದಲ್ಲಿ.

ಈಗಿನ ಓದಿದವರು ಬಂದು, ಮಡಿಕೆಗಿಂತ ಮಡಿಕೆಯೊಳಗಿನ ಮಣ್ಣೇ ದೊಡ್ಡದು ಅನ್ನುತ್ತಾರೆ. ಅದನ್ನು ಆಗಲೇ ಯಾರಾದರೂ ಬಂದು ಹೇಳಬಹುದಿತ್ತು. ಹೇಳಿದ್ದರೆ ಕೇಳುತ್ತಿದ್ದೆವೋ ಇಲ್ಲವೋ, ಅದು ಬೇರೆ ಮಾತು.

ಓನ್‌ಸಿಗೆ ಆಗ ಇಪ್ಪತ್ತಮೂರು. ಗಂಡ ತುಯ್ ಎದೆಯುದ್ದದ ಗುಂಡಿಯಲ್ಲಿ ನಿಂತು ಒಂದು ಹರವಿಯನ್ನು ಮೇಲೆತ್ತಿ ಕೊಟ್ಟ. ಹೊಟ್ಟೆ ದುಂಡಗೆ, ಬಾಯಿಗೆ ಬೋಗುಣಿಯೊಂದು ಮುಚ್ಚಳ. ಕೊಳ್ಳುವವನ ಕಾರು ಆಗಲೇ ಬೀದಿಯಲ್ಲಿ ನಿಂತಿತ್ತು. "ಬೇಗ ತೊಳಕೊಂಡು ಬಾರೆ," ಎಂದ ತುಯ್. ಅವಳು ಓಡಿದಳು. ಕೆರೆಯಲ್ಲಿ ಮುಚ್ಚಳ ತೆಗೆದು ಬೋರಲು ಹಾಕಿದಾಗ ಮಣ್ಣಿನ ಜೊತೆ ಸಣ್ಣ ಸಣ್ಣ ಮೂಳೆಗಳು ಅವಳ ಅಂಗೈ ಮೇಲೆ ಬಿದ್ದವು. ತಲೆಯ ಚಿಪ್ಪು ಮೊಟ್ಟೆಯ ಸಿಪ್ಪೆಯಷ್ಟು ತೆಳು. ಕೋಳಿಯದಲ್ಲ, ನಾಯಿಯದಲ್ಲ. ಏನು ಎಂದು ಅವಳಿಗೆ ತಿಳಿಯಿತು, ಅವಳೂ ಹೆತ್ತವಳೇ. ಕಾರಿನ ಹಾರ್ನ್ ಕೇಳಿಸಿತು. ಅವಳು ಕೈ ನೀರಿಗಿಟ್ಟಳು. ಎಲ್ಲ ತೇಲಿ, ಕದಡಿ, ತಳಕ್ಕೆ ಹೋಯಿತು.

ಒಂದು ಮಾತ್ರ ಉಳಿಯಿತು. ಕಂಚಿನ ಪುಟ್ಟ ಬಳೆ, ಹಸಿರು ಹಿಡಿದದ್ದು. ಅದನ್ನು ತಿಕ್ಕಿ ತಂದು ತನ್ನ ಮಗಳು ಕೇವ್ತಾಳ ಎಡಗೈಗೆ ಹಾಕಿದಳು. ಮಣ್ಣಿನ ಕೆಳಗಿನ ಬಳೆ ಮಗುವಿಗೆ ಕಾಪು ಎಂದು ಆಗ ಎಲ್ಲರೂ ಹಾಗೇ ಮಾಡುತ್ತಿದ್ದರು. ಹರವಿ ಹೋಗಿ ಮನೆಗೆ ತಗಡಿನ ಸೂರು ಬಂತು.

ಮುಂದಿನ ಮಳೆಗಾಲದಲ್ಲಿ ಕೇವ್ತಾಗೆ ಜ್ವರ ಬಂತು. ಮೂರು ಸಂಜೆ ಮೆಟ್ಟಿಲಲ್ಲಿ ನಿಂತು, ಅನ್ನದ ಉಂಡೆ ಹಿಡಿದು, ಖ್ವನ್ ಕರೆದರು. ಮಗಳು ಕಣ್ಣು ಬಿಡಲಿಲ್ಲ. ತಗಡಿನ ಮೇಲೆ ಮಳೆ ಎಷ್ಟು ಜೋರಾಗಿತ್ತೆಂದರೆ ಕರೆದದ್ದು ತನಗೇ ಕೇಳಿಸುತ್ತಿರಲಿಲ್ಲ ಎಂದು ಓನ್‌ಸಿ ಇವತ್ತಿಗೂ ನೆನೆಯುತ್ತಾಳೆ. ಅತ್ತೆ ಒಳಗಿನಿಂದ ಒಂದೇ ಮಾತು ಹೇಳಿದಳು: "ಕರೆದರೆ ಓಡಿ ಬರೋ ಖ್ವನ್ ಇನ್ನೊಂದಿದೆ ಈ ಮನೇಲಿ. ಅದರ ಮನೆ ಖಾಲಿ ಮಾಡಿದೀರಲ್ಲ." ಸಣ್ಣ ಮಕ್ಕಳನ್ನು ನಮ್ಮಲ್ಲಿ ಸುಡುವುದಿಲ್ಲ. ಕಾಡಂಚಿನಲ್ಲಿ ಹೂತರು, ಬಳೆ ಕೈಯಲ್ಲೇ ಇತ್ತು. ಅತ್ತೆಯ ಮಾತನ್ನು ಓನ್‌ಸಿ ನಂಬಲೂ ಇಲ್ಲ, ಬಿಡಲೂ ಇಲ್ಲ. ನಲವತ್ತೈದು ವರ್ಷ ಅದನ್ನು ಹೊತ್ತೇ ತಿರುಗಿದಳು.

ಆ ಹರವಿ ಈಗ ಮರಳಿ ಬಂತು. ಸಮುದ್ರದಾಚೆಯ ಯಾರೋ ಶ್ರೀಮಂತ ಸತ್ತು, ಅವನ ಮಕ್ಕಳು ಎಲ್ಲವನ್ನೂ ಊರಿಗೇ ಕಳಿಸಿಕೊಟ್ಟಿದ್ದರು. ಹೊಸ ಪ್ರದರ್ಶನ, "ಮನೆಗೆ ಬಂದ ಮಡಿಕೆಗಳು". ಅದರ ಹೊಣೆ ಹೊತ್ತವಳು ಬ್ಯಾಂಕಾಕಿನಿಂದ ಬಂದ ನಂತಿಯಾ. ಊರಿನ ಅನ್ನ ಊರವರಂತೆ ಬೆರಳಲ್ಲಿ ಉಂಡೆ ಮಾಡಿ ತಿನ್ನಲು ಕಲಿತ ಹುಡುಗಿ, ಕೆಲಸದಲ್ಲಿ ಬಿಡದವಳು. ಊರ ಮುದುಕರಿಗೆಲ್ಲ ಫೋಟೋ ತೋರಿಸುತ್ತ ಹೋದಳು. ಕತ್ತಿನ ಬಳಿಯ ಬಿರುಕು, ಅದರ ಮೇಲೆ ಹಾದ ಸುರುಳಿ ನೋಡಿದ್ದೇ ಓನ್‌ಸಿಯ ಬಾಯಿಂದ, "ಇದು ನಮ್ಮನೆಯದು," ಎಂದು ಹೊರಬಿತ್ತು.

"ಒಳಗೆ ಏನಿತ್ತು ಯಾಯ್?" ಯಾಯ್ ಎಂದರೆ ಅಜ್ಜಿ. ನಂತಿಯಾ ಪೆನ್ನು ಹಿಡಿದಿದ್ದಳು.

"ಮಣ್ಣು," ಎಂದಳು ಓನ್‌ಸಿ. ಪೆನ್ನು ಕಾಯುತ್ತಿತ್ತು. "ಒಂದಿಷ್ಟು ಭತ್ತ."

ಹುಡುಗಿಯ ಮುಖ ಅರಳಿದ್ದನ್ನು ನೋಡಿ, ಬಿಡು, ಒಂದು ಮಾತು ತಾನೆ, ಎಂದುಕೊಂಡಳು. ಆ ಒಂದು ಮಾತು ಆರು ತಿಂಗಳಲ್ಲಿ ಗೋಡೆಯುದ್ದ ಬೆಳೆಯಿತು. ಹರವಿ ಮ್ಯೂಸಿಯಂನ ನಡುಕೋಣೆಯಲ್ಲಿ ಕೂತಿತು. ಪಕ್ಕದಲ್ಲಿ ಬೋರ್ಡು: "ಧಾನ್ಯದ ಹರವಿ. ಇದರಲ್ಲಿ ಭತ್ತವಿತ್ತು ಎಂದು ಅಗೆದು ತೆಗೆದ ಮನೆಯ ಶ್ರೀಮತಿ ಓನ್‌ಸಿ ತಿಳಿಸಿದ್ದಾರೆ." ಅವಳ ಹೆಸರು ಅಚ್ಚಿನಲ್ಲಿ ಬಂದದ್ದು ಅದೇ ಮೊದಲು. ಬುನ್‌ಸೋಮ್ ಅದನ್ನು ಗಟ್ಟಿಯಾಗಿ ಓದಿ, "ಇನ್ಮೇಲೆ ಗೇಟಲ್ಲಿ ನಿನಗೂ ಟಿಕೆಟ್ ಹಾಕ್ಬೇಕು ಅಕ್ಕ, ದೊಡ್ಡೋರಾದ್ರಿ," ಎಂದ. ಅವಳು ಬೋರ್ಡಿಗೆ ಬೆನ್ನು ಹಾಕಿ ಜಗಲಿಗೆ ಹೋದಳು. 

ಪ್ರದರ್ಶನ ತೆರೆಯುವ ಎರಡು ದಿನ ಮೊದಲು ನಂತಿಯಾ ಅವಳನ್ನು ಒಳಗೆ ಕರೆದಳು. ಮಕ್ಕಳಿಗಾಗಿ ಹರವಿಯ ಪಡಿಯಚ್ಚೊಂದನ್ನು ಮಾಡಿಸಿದ್ದರು, ಬಣ್ಣ ಓನ್‌ಸಿಯದೇ. ಬಂದ ಮಕ್ಕಳೆಲ್ಲ ಅದರೊಳಗೆ ಒಂದೊಂದು ಹಿಡಿ ಭತ್ತ ಸುರಿಯಬೇಕು.

"ಮೊದಲನೇ ಹಿಡಿ ನಿಮ್ಮದು ಯಾಯ್. ಒಂದ್ಸಲ ಸುರಿದು ನೋಡಿ, ಫೋಟೋ ಎಲ್ಲಿಂದ ತೆಗೀಬೇಕು ನೋಡ್ಕೋತೀನಿ."

ಓನ್‌ಸಿ ಭತ್ತ ಹಿಡಿದು ಹರವಿಯ ಬಾಯಿಯ ಮೇಲೆ ಕೈ ಚಾಚಿದಳು. ಬೆರಳು ಬಿಡಿಸಲಾಗಲಿಲ್ಲ.

"ಇದಕ್ಕೆ ಇದನ್ನ ಸುರೀಬೇಡ ಮಗಳೇ," ಎಂದಳು. "ಇದರಲ್ಲಿ ಮಗು ಇತ್ತು."

ನಂತಿಯಾ ಕ್ಯಾಮೆರಾ ಇಳಿಸಿದಳು. ಓನ್‌ಸಿ ಕೆರೆ, ಕಾರು, ಅಂಗೈ ಮೇಲೆ ಬಿದ್ದ ಚಿಪ್ಪು, ಎಲ್ಲವನ್ನೂ ನೆಲ ನೋಡುತ್ತಲೇ ಹೇಳಿದಳು.  ಹುಡುಗಿ ನೆಲದ ಮೇಲೇ ಕೂತುಬಿಟ್ಟಳು.

"ಆರು ತಿಂಗಳು ಯಾಯ್. ವಾರಕ್ಕೊಂದ್ಸಲ ಹಿಂದಿನ ಜಗಲೀಲಿ ಜೊತೇಲಿ ಊಟ ಮಾಡಿದೀವಿ. ಒಂದು ದಿನಾನಾದ್ರೂ ಹೇಳ್ಬೇಕು ಅನ್ನಿಸ್ಲಿಲ್ವಾ?"

"ದಿನಾ ಅನ್ನಿಸ್ತು."

"ಪ್ರದರ್ಶನದ ಪುಸ್ತಕ ಅಚ್ಚಾಗಿದೆ. ಶಾಲೆಗಳಿಗೆಲ್ಲ ಹೋಗಿದೆ."

"ಬೈಯಿ ಮಗಳೇ. ಬೈದರೆ ನನಗೂ ಒಂಚೂರು ಹಗುರ."

ನಂತಿಯಾ ಬೈಯಲಿಲ್ಲ. ಕಣ್ಣೊರೆಸಿಕೊಂಡು ಚೀಲದಿಂದ ನೋಟ್‌ಬುಕ್, ಪೆನ್ನು ತೆಗೆದಳು. ಕೆಲಸದ ಹುಡುಗಿ, ಹಾಗೇ ಮಾಡುತ್ತಾಳೆ. "ಸರಿ. ಈಗ ಎಲ್ಲ ಹೇಳಿ. ಮೂಳೆ ಎಲ್ಲಿ ಸುರಿದ್ರಿ?"

ಓನ್‌ಸಿ ಕಿಟಕಿಯಾಚೆ ಸಿಮೆಂಟಿನ ಅಂಗಳದ ಕಡೆ ಕೈ ತೋರಿಸಿದಳು. ಅಲ್ಲಿ ಒಂದು ಬಸ್ಸು ಹಿಂದೆ ಸರಿಯುತ್ತಿತ್ತು. ನಂತಿಯಾ ಅದನ್ನು ನೋಡಿದಳು, ಬೇಲಿಯನ್ನು ನೋಡಿದಳು, ಮುದುಕಿಯ ಮಂಡಿಯನ್ನು ನೋಡಿದಳು. ಆಮೇಲೆ ಬರೆದುಕೊಂಡಳು.

"ಹುಡುಗನೋ ಹುಡುಗಿಯೋ?"

"ನೋಡ್ಲಿಲ್ಲ. ಕಾರು ನಿಂತಿತ್ತು."

"ಮೂಳೆ ಜೊತೆ ಬೇರೆ ಏನಾದ್ರೂ? ಮಣಿ, ಬಳೆ, ಏನೂ? ಚೂರು ಸಿಕ್ಕಿದ್ರೂ ಸಾಕು ಯಾಯ್, ಅದು ಆಮೇಲೆ ಎಲ್ಲಿಗೆ ಹೋಯ್ತೋ ಹುಡುಕ್ತೀವಿ. ಎಲ್ಲಿದ್ರೂ ತೆಗೀತೀವಿ."

ಹೋದ ವರ್ಷ ಮ್ಯೂಸಿಯಂನವರು ದೇವಾಲಯದವರ ಒಪ್ಪಿಗೆ ಪಡೆದು ಕಾಡಂಚಿನಲ್ಲಿ ಅಗೆದಿದ್ದರು. ಓನ್‌ಸಿ ದಿನವೂ ಹೋಗಿ ನಿಂತು ನೋಡಿದ್ದಳು. ಎಷ್ಟು ನಾಜೂಕು, ಎಷ್ಟು ಸಣ್ಣ ಕುಂಚ. ಸಿಕ್ಕಿದ ಪ್ರತಿ ಮೂಳೆಗೂ ನಂಬರು ಬರೆದು, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಪೆಟ್ಟಿಗೆಯಲ್ಲಿ ಜೋಡಿಸಿದ್ದರು. ಅವರ ಕೊನೆಯ ಗುಂಡಿಯಿಂದ ಕೇವ್ತಾ ಮಲಗಿದ ಜಾಗಕ್ಕೆ ಎರಡು ಮಾರು.

"ಇಲ್ಲ," ಎಂದಳು ಓನ್‌ಸಿ. "ಬೇರೆ ಏನೂ ಇರ್ಲಿಲ್ಲ."

ಪೆನ್ನು ಅದನ್ನೂ ಬರೆದುಕೊಂಡಿತು.

ಪ್ರದರ್ಶನ ಮೂರು ವಾರ ತಡವಾಗಿ ತೆರೆಯಿತು. ಮೇಲಿನವರಿಂದ ನಂತಿಯಾ ಏನೇನು ಮಾತು ಕೇಳಬೇಕಾಯಿತೋ ಅವಳು ಹೇಳಲಿಲ್ಲ. ತೆರೆಯುವ ಮುಂಚೆ ಭಿಕ್ಷುಗಳನ್ನು ಕರೆಸಿ ಸಿಮೆಂಟಿನ ಅಂಗಳದಲ್ಲಿ ಮಂತ್ರ ಹೇಳಿಸಿದಳು. ಬಸ್ಸುಗಳನ್ನು ರಸ್ತೆಯಾಚೆ ನಿಲ್ಲಿಸುವಂತೆ ಮಾಡಿದಳು. ಓನ್‌ಸಿಯ ಜೊತೆ ತಾನೂ ಬೇಲಿಗುಂಟ ಸುತ್ತಿ ಬರತೊಡಗಿದಳು. ಬುನ್‌ಸೋಮ್ ಈಗ ಕೆಣಕುವುದಿಲ್ಲ, ಎದ್ದು ನಿಲ್ಲುತ್ತಾನೆ. ಅವನು ಕೆಣಕುತ್ತಿದ್ದರೇ ಚೆನ್ನಾಗಿತ್ತು ಎಂದು ಓನ್‌ಸಿಗೆ ಅನಿಸುತ್ತದೆ.

ಭತ್ತದ ಬೋರ್ಡು ಹೋಗಿ ಹೊಸದು ಬಂತು: "ಶಿಶುವನ್ನು ಹೂಳಿದ ಹರವಿ. ಒಡವೆ ಮೊದಲಾದ ವಸ್ತುಗಳು ಇರಲಿಲ್ಲ ಎಂದು ಶ್ರೀಮತಿ ಓನ್‌ಸಿ ತಿಳಿಸಿದ್ದಾರೆ."

ಮೊದಲ ಶನಿವಾರ ಬಂದ ಶಾಲೆಯ ಮೇಷ್ಟ್ರಿಗೆ ವಿವರಿಸುವ ಉತ್ಸಾಹ ಹೆಚ್ಚು. ಜಗಲಿಯಿಂದ ಓನ್‌ಸಿಗೆ ಎಲ್ಲ ಕೇಳಿಸುತ್ತಿತ್ತು.

"ಪಕ್ಕದ ಪೆಟ್ಟಿಗೆ ನೋಡಿ ಮಕ್ಕಳೇ. ಆ ಕೂಸಿಗೆ ಕೈತುಂಬ ಬಳೆ ಹಾಕಿ ಕಳಿಸಿದಾರೆ. ಇದಕ್ಕೆ ಒಂದೂ ಇಲ್ಲ. ಯಾಕಿರಬಹುದು? ತೀರಾ ಬಡವರಿರಬೇಕು. ಇಲ್ಲಾ, ಈ ಮಗು ಮೇಲೆ ಅಷ್ಟು ಅಕ್ಕರೆ ಇರಲಿಲ್ವೇನೋ. ಬರ್ಕೊಳ್ಳಿ."

ಮಕ್ಕಳು ಬರೆದುಕೊಂಡರು. ಓನ್‌ಸಿಯ ಕುಂಚ ಮಡಿಕೆಯ ಮೇಲೆ ನಿಂತಿತು. ಎಂದೂ ತುಂಡಾಗದ ಸುರುಳಿ ಅಲ್ಲಿ ತುಂಡಾಯಿತು, ಬಣ್ಣ ಒಂದು ಕಡೆ ಗುಡ್ಡೆಯಾಗಿ ಇಳಿಯಿತು. ಎರಡು ಸಾವಿರ ವರ್ಷದ ಹಿಂದೆ ಯಾವಳೋ ಒಬ್ಬಳು ತನ್ನ ಕೂಸಿನ ಕೈಗೆ ಬಳೆ ಏರಿಸಿ, ಬೋಗುಣಿ ಮುಚ್ಚಿ, ತನ್ನ ಮನೆಯ ಕೆಳಗೇ ಇಟ್ಟುಕೊಂಡಿದ್ದಳು. ಅವಳ ಮಗುವನ್ನು ಕೆರೆಗೆ ಚೆಲ್ಲಿದ್ದಾಯಿತು. ಈಗ ಅವಳ ಅಕ್ಕರೆಯನ್ನೂ ಅಳಿಸಿದ್ದಾಯಿತು. ಎರಡೂ ಮಾಡಿದ್ದು ನಾನೇ ಎಂದು ಓನ್‌ಸಿ ಅಂದುಕೊಂಡಳು. ಹೋಗಿ ಹೇಳಿಬಿಡಲೇ ಎಂದು ಎದ್ದಳು. ಕಾಡಂಚು ನೆನಪಾಯಿತು, ನಂಬರು ಬರೆದ ಚೀಲಗಳು ನೆನಪಾದವು. ಮತ್ತೆ ಕೂತಳು.

ಹೊರಡುವ ಹೊತ್ತಿಗೆ ಮಕ್ಕಳು ನೂಲಿಗೆ ಸಾಲು ನಿಂತರು. ಮುಂದಿನ ಹಲ್ಲು ಬಿದ್ದ ಹುಡುಗಿಯೊಬ್ಬಳು ಕೈ ಚಾಚಿ ಕೇಳಿದಳು. "ಯಾಯ್, ಆ ಪಾಪು ಅಮ್ಮಂಗೆ ಪಾಪು ಅಂದ್ರೆ ಇಷ್ಟ ಇರ್ಲಿಲ್ವಂತೆ. ಹೌದಾ?"

"ಯಾರೇ ಹೇಳಿದ್ದು?" ಓನ್‌ಸಿಯ ಧ್ವನಿ ಅವಳಿಗೇ ಗೊತ್ತಿಲ್ಲದಂತೆ ಏರಿತು. "ಬಳೆ ಹಾಕಿದ್ಲು ಕಣೆ. ಇಷ್ಟೇ ಇಷ್ಟು ಬಳೆ. ಎಡಗೈಗೆ. ಬರಿಗೈಲಿ ಕಳ್ಸೋಳಲ್ಲ ಅವಳು."

ಮೇಷ್ಟ್ರು ತಿರುಗಿ ನೋಡಿ ನಕ್ಕರು. ನಂತಿಯಾ ಕೂಡ ಬಂದು, ಮುದುಕಿಯ ಹೆಗಲ ಮೇಲೆ ಮೆಲ್ಲಗೆ ಕೈಯಿಟ್ಟಳು. "ಯಾಯ್ ಮನಸ್ಸು ಮೆದು," ಎಂದು ಮೇಷ್ಟ್ರಿಗೆ ಹೇಳಿದಳು. ಅವಳ ಪೆನ್ನು ಜೇಬಿನಲ್ಲೇ ಇತ್ತು.